ಹಾರ್ಡ್ ಡಿಸ್ಕ್‌ನಲ್ಲಿ ಯಾವ ಪಾರ್ಟಿಷನ್ ಎಲ್ಲಿರಬೇಕು?

ಕಂಪ್ಯೂಟರ್ ನಿಧಾನ ಆಯ್ತು ಅಂತ ಯಾರಿಗಾದರೂ ಹೇಳಿ ನೋಡಿ, ಪಾರ್ಟಿಷನ್, ಅಂದರೆ ಡಿಸ್ಕನ್ನು ಭಾಗ ಮಾಡುವ ಮಾತು ಬಂದೇ ಬರುತ್ತದೆ. ಸಿ ಡ್ರೈವ್ ಚಿಕ್ಕದು ಮಾಡು, ಪೇಜ್ ಫೈಲನ್ನು (ಮೆಮೊರಿ ಸಾಲದಾಗ ವಿಂಡೋಸ್ ಡಿಸ್ಕ್‌ನಲ್ಲಿ ಬಳಸುವ ಫೈಲ್) ಡಿ ಡ್ರೈವ್‌ಗೆ ಹಾಕು, ಗೇಮ್‌ಗಳಿಗೆ ಬೇರೆಯೇ ಪಾರ್ಟಿಷನ್ ಮಾಡು. ಇವುಗಳಲ್ಲಿ ಕೆಲವು ನಿಜ, ಕೆಲವು ಹಳೇ ಕಾಲದವು, ಕೆಲವಂತೂ ಪೂರ್ತಿ ಉಲ್ಟಾ. ಯಾವುದು ಯಾವುದು ಅಂತ ಗೊತ್ತಾಗಬೇಕಾದರೆ ಡಿಸ್ಕ್ ಒಳಗೆ ಏನು ನಡೆಯುತ್ತದೆ ಅಂತ ಸ್ವಲ್ಪ ನೋಡಬೇಕು. ಆಮೇಲೆ ಅಳತೆ, ಕೊನೆಗೆ ಕೆಲಸ. ಈ ಕ್ರಮ ತಪ್ಪಿಸಬೇಡಿ. ಅಳೆಯದೆ ಪಾರ್ಟಿಷನ್ ಮುಟ್ಟಿದರೆ ಲಾಭ ಆಯಿತೋ ಇಲ್ಲವೋ ಅಂತಲೂ ಗೊತ್ತಾಗುವುದಿಲ್ಲ.

ಮೊದಲು ನಿಮ್ಮದು ತಿರುಗುವ ಡಿಸ್ಕ್ ಹೌದಾ ನೋಡಿ

ವಿಂಡೋಸ್ 10 ಅಥವಾ 11 ಇದ್ದರೆ ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್ ಪುಟಕ್ಕೆ ಹೋಗಿ. ಡಿಸ್ಕ್ ಹೆಸರಿನ ಕೆಳಗೆ ಎಚ್‌ಡಿಡಿ (ತಿರುಗುವ ಹಾರ್ಡ್ ಡಿಸ್ಕ್) ಅಥವಾ ಎಸ್‌ಎಸ್‌ಡಿ (ಚಿಪ್‌ನಲ್ಲಿ ಡೇಟಾ ಇಡುವಂಥದ್ದು) ಅಂತ ಬರೆದಿರುತ್ತದೆ. ಲಿನಕ್ಸ್‌ನಲ್ಲಿ ಗ್ನೋಮ್ ಡಿಸ್ಕ್ಸ್ ತೆರೆದರೆ ಮಾಡೆಲ್ ನಂಬರ್ ಸಿಗುತ್ತದೆ. ಅದನ್ನು ತಯಾರಕರ ಡೇಟಾ ಶೀಟ್‌ನಲ್ಲಿ ಹುಡುಕಿ. ಆ ಶೀಟ್ ಹೇಗೂ ಬೇಕಾಗುತ್ತದೆ, ಯಾಕೆ ಅಂತ ಮುಂದೆ ಹೇಳುತ್ತೇನೆ.

ಎಸ್‌ಎಸ್‌ಡಿ ಆಗಿದ್ದರೆ ವಿಷಯ ಬೇಗ ಮುಗಿಯುತ್ತದೆ. ಅಲ್ಲಿ ತಿರುಗುವ ತಟ್ಟೆ ಇಲ್ಲ, ತಟ್ಟೆಯ ಮೇಲೆ ಓಡಾಡುತ್ತಾ ಓದಿ ಬರೆಯುವ ಹೆಡ್ ಇಲ್ಲ. ಪಾರ್ಟಿಷನ್ ಪಟ್ಟಿಯಲ್ಲಿ ಮೊದಲು ಕಾಣುವ ಜಾಗಕ್ಕೂ ಚಿಪ್‌ನಲ್ಲಿ ಡೇಟಾ ಕೂರುವ ಜಾಗಕ್ಕೂ ಸಂಬಂಧವೇ ಇಲ್ಲ. ಯಾವ ಬರಹ ಎಲ್ಲಿಗೆ ಹೋಗಬೇಕು ಅಂತ ಒಳಗಿನ ಕಂಟ್ರೋಲರ್ ತಾನೇ ತೀರ್ಮಾನಿಸುತ್ತದೆ. ಹಾಗಾಗಿ ಮುಂದೆ, ಹಿಂದೆ ಅನ್ನೋ ಲೆಕ್ಕ ಬಿಡಿ. ಟ್ರಿಮ್ (ಅಳಿಸಿದ ಫೈಲ್‌ನ ಜಾಗ ಖಾಲಿ ಅಂತ ಎಸ್‌ಎಸ್‌ಡಿಗೆ ತಿಳಿಸುವ ವ್ಯವಸ್ಥೆ) ಚಾಲೂ ಇರಲಿ, ಒಂದಿಷ್ಟು ಜಾಗ ಖಾಲಿ ಇರಲಿ, ಕೆಳಗೆ ಹೇಳುವ ಅಲೈನ್‌ಮೆಂಟ್ ಸರಿ ಇರಲಿ. ಅಷ್ಟು ಸಾಕು.

ಉಳಿದವರು ಮುಂದೆ ಓದಿ.

ಹೊರಗಿನ ಅಂಚು ಯಾಕೆ ಜೋರು

ಹಾರ್ಡ್ ಡಿಸ್ಕ್‌ನ ತಟ್ಟೆ ಒಂದೇ ವೇಗದಲ್ಲಿ ತಿರುಗುತ್ತಿರುತ್ತದೆ. 7200 ಆರ್‌ಪಿಎಂ (ನಿಮಿಷಕ್ಕೆ 7200 ಸುತ್ತು) ಡಿಸ್ಕ್ ಆದರೆ ಒಂದು ಸುತ್ತಿಗೆ 8.33 ಮಿಲಿಸೆಕೆಂಡ್, 5400 ಆದರೆ 11.1. ಡೇಟಾ ತಟ್ಟೆಯ ಮೇಲೆ ಟ್ರ್ಯಾಕ್ ಎಂಬ ವೃತ್ತಗಳಲ್ಲಿರುತ್ತದೆ, ಒಂದೊಂದು ಟ್ರ್ಯಾಕ್‌ನಲ್ಲೂ ಸೆಕ್ಟರ್ ಎಂಬ ಚಿಕ್ಕ ತುಣುಕುಗಳು. ಅಂಚಿನ ಟ್ರ್ಯಾಕ್ ಉದ್ದ, ನಡುವಿನ ಹತ್ತಿರದ ಟ್ರ್ಯಾಕ್ ಚಿಕ್ಕದು. ಉದ್ದ ಇದ್ದ ಕಡೆ ಜಾಸ್ತಿ ಸೆಕ್ಟರ್‌ಗಳನ್ನು ತುಂಬಿರುತ್ತಾರೆ. ಹಾಗಾಗಿ ಒಂದೇ ಸುತ್ತಿನಲ್ಲಿ ಹೆಡ್ ಕೆಳಗೆ ಹಾದುಹೋಗುವ ಡೇಟಾ ಹೊರಗೆ ಜಾಸ್ತಿ, ಒಳಗೆ ಕಡಿಮೆ. ಸಾಮಾನ್ಯ ಡಿಸ್ಕ್‌ಗಳಲ್ಲಿ ಎರಡಕ್ಕೂ ಸುಮಾರು ಎರಡರಷ್ಟು ವ್ಯತ್ಯಾಸ. ಅಂಚಿನಲ್ಲಿ ಸೆಕೆಂಡಿಗೆ 200 ಎಂಬಿ ಓದುವ ಡಿಸ್ಕ್ ಒಳತುದಿಯಲ್ಲಿ 100ರ ಆಸುಪಾಸಿಗೆ ಇಳಿದಿರುತ್ತದೆ.

ಡಿಸ್ಕ್‌ನ ವಿಳಾಸಗಳು ಹೊರಗಿನ ಅಂಚಿನಿಂದ ಶುರುವಾಗಿ ಒಳಕ್ಕೆ ಸಾಗುತ್ತವೆ. ಅಂದರೆ ಪಾರ್ಟಿಷನ್ ಪಟ್ಟಿಯಲ್ಲಿ ಎಡತುದಿಯಲ್ಲಿರುವುದೇ ವೇಗದ ಜಾಗ. ಸಿಡಿ ನೋಡಿ ಬೆಳೆದವರಿಗೆ ಇಲ್ಲಿ ಗೊಂದಲ ಆಗುವುದುಂಟು. ಸಿಡಿಯಲ್ಲಿ ಡೇಟಾ ಒಳಗಿನಿಂದ ಶುರುವಾಗುತ್ತದೆ, ಹಾರ್ಡ್ ಡಿಸ್ಕ್‌ನಲ್ಲಿ ಅದಕ್ಕೆ ಉಲ್ಟಾ. ಇನ್ನೊಂದು ತಪ್ಪು ಕಲ್ಪನೆಯೂ ಇದೆ. ಮೊದಲ ಪಾರ್ಟಿಷನ್ ಮೊದಲ ತಟ್ಟೆಯಲ್ಲಿ, ಎರಡನೆಯದು ಎರಡನೇ ತಟ್ಟೆಯಲ್ಲಿ ಅಂತ. ಹಾಗೇನೂ ಇಲ್ಲ. ಎಲ್ಲ ತಟ್ಟೆಗಳೂ ಹೊರಗಿನಿಂದ ಒಳಗೆ ಒಟ್ಟೊಟ್ಟಿಗೇ ತುಂಬುತ್ತಾ ಹೋಗುತ್ತವೆ.

ಈಗ ಒಂದು ಲೆಕ್ಕ. ಹೊರ ಟ್ರ್ಯಾಕ್ ಒಳ ಟ್ರ್ಯಾಕ್‌ನ ಎರಡರಷ್ಟು ಉದ್ದ ಅಂತ ಇಟ್ಟುಕೊಳ್ಳಿ. ವೇಗ ನೇರ ಗೆರೆಯಲ್ಲಿ ಇಳಿಯುವುದಿಲ್ಲ, ಮೊದಮೊದಲು ನಿಧಾನಕ್ಕೆ ಇಳಿದು ಕೊನೆಯಲ್ಲಿ ಜಾರುತ್ತದೆ. ಡಿಸ್ಕ್‌ನ ಕಾಲು ಭಾಗ ದಾಟಿದರೂ ಅಂಚಿನ ವೇಗದ 90% ಉಳಿದಿರುತ್ತದೆ. ಅರ್ಧ ದಾಟಿದಾಗ ಸುಮಾರು 79%. ಮುಕ್ಕಾಲು ದಾಟಿದಾಗ 66%. ಯಾಕೆಂದರೆ ಹೊರಗಿನ ಸುತ್ತುಗಳೇ ಹೆಚ್ಚು ಜಾಗ ಹಿಡಿದಿರುತ್ತವೆ. ಹಾಗಾಗಿ ಸಿಸ್ಟಂ ಪಾರ್ಟಿಷನ್ ಕಟ್ಟುನಿಟ್ಟಾಗಿ ಮೊದಲ ಸೆಕ್ಟರ್‌ನಿಂದಲೇ ಶುರುವಾಗಬೇಕು ಅಂತ ತಲೆ ಕೆಡಿಸಿಕೊಳ್ಳಬೇಡಿ. ಮೊದಲ ಅರ್ಧದಲ್ಲಿ ಎಲ್ಲೋ ಇದ್ದರೆ ಕಳೆದುಕೊಳ್ಳುವುದು ಅಷ್ಟೇನೂ ಇಲ್ಲ.

ನಿಜವಾದ ಹೊಡೆತ ಹೆಡ್‌ನ ಓಡಾಟದಿಂದ

ಸೆಕೆಂಡಿಗೆ 200 ಎಂಬಿ ಅನ್ನೋದು ಒಂದು ದೊಡ್ಡ ಫೈಲನ್ನು ಸತತವಾಗಿ ಓದುವಾಗಿನ ಮಾತು. ಸಿಸ್ಟಂ ಬೂಟ್ ಆಗುವಾಗ, ಬ್ರೌಸರ್ ತೆರೆಯುವಾಗ ಆಗುವುದು ಬೇರೆ. ಚಿಕ್ಕಚಿಕ್ಕ ಸಾವಿರಾರು ತುಣುಕುಗಳನ್ನು ಬೇರೆ ಬೇರೆ ಕಡೆಯಿಂದ ಎತ್ತಬೇಕು. ಪ್ರತಿ ಸಲವೂ ಹೆಡ್ ಆ ಟ್ರ್ಯಾಕ್‌ಗೆ ಹೋಗಬೇಕು, ಆಮೇಲೆ ಬೇಕಾದ ಸೆಕ್ಟರ್ ತಿರುಗಿ ಕೆಳಗೆ ಬರುವ ತನಕ ಕಾಯಬೇಕು.

7200 ಡಿಸ್ಕ್‌ನಲ್ಲಿ ಆ ಕಾಯುವಿಕೆ ಸರಾಸರಿ ಅರ್ಧ ಸುತ್ತು, ಅಂದರೆ 4.17 ಮಿಲಿಸೆಕೆಂಡ್. ಹೆಡ್ ಹೋಗಲು 9 ಮಿಲಿಸೆಕೆಂಡ್ ಅಂತ ಇಟ್ಟುಕೊಂಡರೆ ಒಟ್ಟು ಸುಮಾರು 13. ಸೆಕೆಂಡಿಗೆ 75 ಸಲ ಎತ್ತಬಹುದು, ಅಷ್ಟೇ. ಪ್ರತಿ ಸಲ 4 ಕೆಬಿ ಅಂದರೆ ಸೆಕೆಂಡಿಗೆ 300 ಕೆಬಿ! 200 ಎಂಬಿ ಓದುವ ಅದೇ ಡಿಸ್ಕ್ ಇದು. ಮೌಸ್ ಅಲ್ಲಾಡಿಸಿದರೂ ಕಂಪ್ಯೂಟರ್ ಉತ್ತರ ಕೊಡದೆ ಕೂತಿರುತ್ತಲ್ಲ, ಆಗ ನಡೆಯುತ್ತಿರುವುದು ಇದೇ.

ಬಳಕೆಯ ಫೈಲ್‌ಗಳೆಲ್ಲ ಡಿಸ್ಕ್‌ನ ಮೊದಲ ಕಾಲು ಭಾಗದಲ್ಲೇ ಇದ್ದರೆ? ಮೇಲಿನ ಲೆಕ್ಕದ ಪ್ರಕಾರ ಹೆಡ್ ತನ್ನ ಪೂರ್ತಿ ಓಡಾಟದ ಐದನೇ ಒಂದು ಭಾಗದಲ್ಲೇ ಆಡಿಕೊಂಡಿರುತ್ತದೆ. ಹೋಗುವ ಸಮಯ ಅರ್ಧಕ್ಕೆ ಇಳಿಯಿತು ಅಂತಿಟ್ಟುಕೊಳ್ಳಿ. 4.5 ಮತ್ತು 4.17 ಸೇರಿ ಸುಮಾರು 8.7 ಮಿಲಿಸೆಕೆಂಡ್, ಸೆಕೆಂಡಿಗೆ 115 ಸಲ. ಒಂದೂವರೆ ಪಟ್ಟು ಜಾಸ್ತಿ. ಇದಕ್ಕೆ ಶಾರ್ಟ್ ಸ್ಟ್ರೋಕಿಂಗ್ ಅಂತ ಹೆಸರು. ಎಸ್‌ಎಸ್‌ಡಿ ದುಬಾರಿ ಇದ್ದ ದಿನಗಳಲ್ಲಿ ಡೇಟಾಬೇಸ್ ಸರ್ವರ್‌ಗಳಲ್ಲಿ ಡಿಸ್ಕ್‌ನ ಹೊರಭಾಗ ಮಾತ್ರ ಬಳಸಿ ಉಳಿದದ್ದನ್ನು ಬೇಕಂತಲೇ ಖಾಲಿ ಬಿಡುತ್ತಿದ್ದರು. ತಿರುಗುವಿಕೆಯ 4.17 ಮಾತ್ರ ನೀವು ಏನೇ ಮಾಡಿದರೂ ಕಡಿಮೆ ಆಗುವುದಿಲ್ಲ, ಅದು ನೆನಪಿರಲಿ.

ಹಾಗಾಗಿ ನನ್ನ ಮಟ್ಟಿಗೆ ನಿಯಮ ಒಂದೇ. ಒಟ್ಟಿಗೆ ಬಳಕೆಯಾಗುವುದು ಒಟ್ಟಿಗೆ, ಅಕ್ಕಪಕ್ಕ ಇರಬೇಕು. ಅದು ಹೊರಭಾಗದಲ್ಲಿದ್ದರೆ ಇನ್ನೂ ಒಳ್ಳೆಯದು.

ಅಳೆಯುವುದು ಹೇಗೆ

ಲಿನಕ್ಸ್‌ನಲ್ಲಿ ಗ್ನೋಮ್ ಡಿಸ್ಕ್ಸ್ ತೆರೆದು ಎಡಗಡೆ ಡಿಸ್ಕ್ ಆರಿಸಿ, ಮೇಲಿನ ಮೆನುವಿನಲ್ಲಿ ಬೆಂಚ್‌ಮಾರ್ಕ್ ಡಿಸ್ಕ್ ಒತ್ತಿ. ಬರೆಯುವ ಪರೀಕ್ಷೆಯ ಟಿಕ್ ತೆಗೆದುಬಿಡಿ, ಓದುವ ಪರೀಕ್ಷೆ ಸಾಕು. ವಿಂಡೋಸ್‌ನಲ್ಲಿ ಎಚ್‌ಡಿ ಟ್ಯೂನ್ ಇದೇ ಕೆಲಸ ಮಾಡುತ್ತದೆ. ಕ್ರಿಸ್ಟಲ್‌ಡಿಸ್ಕ್‌ಮಾರ್ಕ್ ಒಳ್ಳೆಯ ಸಾಧನವೇ, ಆದರೆ ಈ ಕೆಲಸಕ್ಕಲ್ಲ. ಅದು ಫೈಲ್ ಸಿಸ್ಟಂ (ಫೈಲ್‌ಗಳಿಗೆ ಡಿಸ್ಕ್‌ನಲ್ಲಿ ಜಾಗ ಹಂಚುವ ವ್ಯವಸ್ಥೆ) ಕೊಟ್ಟ ಯಾವುದೋ ಜಾಗದಲ್ಲಿ ಒಂದು ಪರೀಕ್ಷಾ ಫೈಲ್ ಬರೆದು ಅಳೆಯುತ್ತದೆ. ಡಿಸ್ಕ್‌ನ ಉದ್ದಕ್ಕೂ ವೇಗ ಹೇಗೆ ಬದಲಾಗುತ್ತದೆ ಅಂತ ತೋರಿಸುವುದಿಲ್ಲ. ಅಳೆಯುವಾಗ ಬೇರೆ ಪ್ರೋಗ್ರಾಂ ಎಲ್ಲ ಮುಚ್ಚಿರಿ, ಅಪ್‌ಡೇಟ್ ನಡೆಯುತ್ತಿದ್ದರೆ ಮುಗಿಯಲಿ.

ಪರದೆಯ ಮೇಲೆ ಒಂದು ಗ್ರಾಫ್ ಬರುತ್ತದೆ. ಎಡದಿಂದ ಬಲಕ್ಕೆ ಡಿಸ್ಕ್‌ನ ಜಾಗ, ಕೆಳಗಿನಿಂದ ಮೇಲಕ್ಕೆ ವೇಗ. ಆರೋಗ್ಯವಾಗಿರುವ ಡಿಸ್ಕ್‌ನಲ್ಲಿ ಗೆರೆ ಎಡಗಡೆ ಮೇಲೆ ಶುರುವಾಗಿ ಮೆಟ್ಟಿಲು ಮೆಟ್ಟಿಲಾಗಿ ಬಲಕ್ಕೆ ಇಳಿಯುತ್ತದೆ. ಒಂದೊಂದು ಮೆಟ್ಟಿಲೂ ಒಂದೊಂದು ವಲಯ. ಆ ವಲಯದ ಟ್ರ್ಯಾಕ್‌ಗಳಲ್ಲೆಲ್ಲ ಒಂದೇ ಸಂಖ್ಯೆಯ ಸೆಕ್ಟರ್ ಇರುತ್ತವೆ. ಗೆರೆಯ ಜೊತೆಗೆ ಚುಕ್ಕೆಗಳೂ ಚೆಲ್ಲಿರುತ್ತವೆ, ಅವು ಆಕ್ಸೆಸ್ ಟೈಮ್, ಅಂದರೆ ಒಂದು ತುಣುಕು ಹುಡುಕಿ ಎತ್ತಲು ಹಿಡಿದ ಸಮಯ.

ಗೆರೆ ಇಳಿಯದೆ ಮಟ್ಟಸವಾಗಿ ಸಾಗಿದರೆ ಸಂತೋಷ ಪಡಬೇಡಿ. ತಿರುಗುವ ಡಿಸ್ಕ್ ಆಗಿದ್ದೂ ಹಾಗೆ ಬಂದರೆ ತಡೆ ಬೇರೆ ಎಲ್ಲೋ ಇದೆ ಅಂತ ಅರ್ಥ. ಹೊರಗಿನ ಡಿಸ್ಕನ್ನು ಯುಎಸ್‌ಬಿ 2.0 ಕಿಂಡಿಗೆ ಚುಚ್ಚಿದರೆ ಹೀಗೇ ಆಗುತ್ತದೆ. ಅಲ್ಲಿ ಸೆಕೆಂಡಿಗೆ 30ರಿಂದ 40 ಎಂಬಿ ದಾಟುವುದೇ ಕಷ್ಟ, ಡಿಸ್ಕ್‌ನ ಅಂಚಿಗೂ ಒಳತುದಿಗೂ ವ್ಯತ್ಯಾಸ ಕಾಣುವುದೇ ಇಲ್ಲ. ಪಾರ್ಟಿಷನ್ ಬದಲಿಸುವ ಮೊದಲು ಕಿಂಡಿ ಬದಲಿಸಿ.

ಗೆರೆಯ ಮಧ್ಯೆ ಅಲ್ಲೊಂದು ಇಲ್ಲೊಂದು ಆಳವಾದ ಗುಂಡಿ ಕಂಡರೆ ಇನ್ನೊಮ್ಮೆ ಅಳೆಯಿರಿ. ಎರಡನೇ ಸಲ ಬೇರೆ ಜಾಗದಲ್ಲಿ ಬಂದರೆ ಯಾವುದೋ ಪ್ರೋಗ್ರಾಂ ನಡುವೆ ಕೈ ಹಾಕಿದೆ, ಅಷ್ಟೇ. ಅದೇ ಜಾಗದಲ್ಲಿ ಮತ್ತೆ ಬಂದರೆ ಡಿಸ್ಕ್ ಆ ಭಾಗವನ್ನು ಓದಲು ಒದ್ದಾಡುತ್ತಿದೆ. ಸ್ಮಾರ್ಟ್ ವರದಿ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಇಟ್ಟುಕೊಳ್ಳುವ ಲೆಕ್ಕ) ತೆರೆದು ರೀಅಲೊಕೇಟೆಡ್ ಸೆಕ್ಟರ್ ಮತ್ತು ಕರೆಂಟ್ ಪೆಂಡಿಂಗ್ ಸೆಕ್ಟರ್ ಸಂಖ್ಯೆ ನೋಡಿ. ಅವು ಸೊನ್ನೆ ಬಿಟ್ಟು ಏರುತ್ತಿದ್ದರೆ ಈ ಲೇಖನ ಇಲ್ಲಿಗೆ ಮುಚ್ಚಿ, ಡೇಟಾ ಬೇರೆ ಡಿಸ್ಕ್‌ಗೆ ನಕಲು ಮಾಡಿ. ಸಾಯುತ್ತಿರುವ ಡಿಸ್ಕ್‌ನಲ್ಲಿ ಪಾರ್ಟಿಷನ್ ಸರಿಸುವುದಕ್ಕಿಂತ ಕೆಟ್ಟ ಯೋಚನೆ ಇಲ್ಲ.

ಎಲ್ಲಿ ಏನಿಡಬೇಕು

ಒಂದೇ ಡಿಸ್ಕ್ ಇರುವವರ ವಿಷಯ ಮೊದಲು. 1 ಟಿಬಿ ಡಿಸ್ಕ್ ಅಂತ ಇಟ್ಟುಕೊಳ್ಳೋಣ. ಮೊದಲ 200 ಜಿಬಿ ಸಿಸ್ಟಂ ಮತ್ತು ಪ್ರೋಗ್ರಾಂಗಳಿಗೆ. ಅದರ ಪಕ್ಕದಲ್ಲೇ ದಿನಾ ತೆರೆಯುವ ಕೆಲಸದ ಫೈಲ್‌ಗಳಿಗೆ ಜಾಗ. ಸಿನಿಮಾ, ಹಳೆಯ ಫೋಟೊ, ಇನ್‌ಸ್ಟಾಲರ್‌ಗಳು ಎಲ್ಲ ಕೊನೆಗೆ. ವಿಡಿಯೊ ನೋಡಲು ಸೆಕೆಂಡಿಗೆ 100 ಎಂಬಿ ಬೇಕಾಗುವುದೇ ಇಲ್ಲ, ಒಳತುದಿ ಧಾರಾಳ ಸಾಕು. ಎರಡು ಪಾರ್ಟಿಷನ್ ಮಾಡಿದರೂ ಸಾಕು, ಮೂರು ದಾಟಬೇಡಿ. ಜಾಸ್ತಿ ಮಾಡಿದಷ್ಟೂ ಪ್ರತಿಯೊಂದರಲ್ಲೂ ಒಂದಿಷ್ಟು ಖಾಲಿ ಜಾಗ ಉಳಿಯುತ್ತದೆ, ಬಳಕೆಯ ಡೇಟಾ ಡಿಸ್ಕ್ ತುಂಬ ಹರಡಿಕೊಳ್ಳುತ್ತದೆ. ಹೆಡ್‌ನ ಓಡಾಟ ಕಡಿಮೆ ಮಾಡಲು ಹೊರಟವರು ಹೆಚ್ಚಿಸಿ ಕೂತಿರುತ್ತೀರಿ.

ಸಿಸ್ಟಂ ಪಾರ್ಟಿಷನ್ ತೀರಾ ಬಿಗಿಯಾಗಿಯೂ ಇರಬಾರದು. ಕಾಲು ಭಾಗದಷ್ಟಾದರೂ ಖಾಲಿ ಉಳಿಯುವ ಅಳತೆ ಕೊಡಿ. ತುಂಬಿ ತುಳುಕುವ ಪಾರ್ಟಿಷನ್‌ನಲ್ಲಿ ಹೊಸ ಫೈಲ್‌ಗಳು ಚೂರುಚೂರಾಗಿ ಕೂರುತ್ತವೆ. ಒಂದು ಫೈಲ್ ಓದಲು ಹೆಡ್ ಹತ್ತು ಕಡೆ ಓಡಬೇಕಾಗುತ್ತದೆ.

ಇಡೀ ಡಿಸ್ಕ್‌ಗೆ ಒಂದೇ ಪಾರ್ಟಿಷನ್ ಇದ್ದರೆ ಏನಾಗುತ್ತದೆ ಅಂತ ಕೇಳಬಹುದು. ಅದು ಫೈಲ್ ಸಿಸ್ಟಂ ಮೇಲೆ ನಿಂತಿದೆ. ಉದಾಹರಣೆಗೆ ಲಿನಕ್ಸ್‌ನ ಇಎಕ್ಸ್‌ಟಿ4 ಮೇಲ್ಮಟ್ಟದ ಫೋಲ್ಡರ್‌ಗಳನ್ನು ಬೇಕಂತಲೇ ಡಿಸ್ಕ್‌ನ ಬೇರೆ ಬೇರೆ ಭಾಗಗಳಿಗೆ ಹರಡುತ್ತದೆ, ಪ್ರತಿ ಫೋಲ್ಡರ್‌ಗೂ ಬೆಳೆಯಲು ಪಕ್ಕದಲ್ಲೇ ಜಾಗ ಇರಲಿ ಅಂತ. 1 ಟಿಬಿಗೆ ಒಂದೇ ಪಾರ್ಟಿಷನ್ ಇದ್ದರೆ ಆ ಹರಡುವಿಕೆಯೂ 1 ಟಿಬಿ ಉದ್ದಕ್ಕೂ. ಸಿಸ್ಟಂಗೆ ಪ್ರತ್ಯೇಕ ಚಿಕ್ಕ ಪಾರ್ಟಿಷನ್ ಕೊಟ್ಟರೆ ಎಷ್ಟೇ ಹರಡಿದರೂ ಆ ಬೇಲಿ ದಾಟುವುದಿಲ್ಲ.

ಇನ್ನು ಪೇಜ್ ಫೈಲ್. ಸಿ ಮತ್ತು ಡಿ ಎರಡೂ ಒಂದೇ ಡಿಸ್ಕ್‌ನಲ್ಲಿದ್ದರೆ ಪೇಜ್ ಫೈಲನ್ನು ಡಿಗೆ ಹಾಕುವುದು ನಷ್ಟದ ವ್ಯವಹಾರ. ಮೆಮೊರಿ ಸಾಲದೆ ಬಂದಾಗ ವಿಂಡೋಸ್ ಪ್ರೋಗ್ರಾಂ ಫೈಲ್‌ಗಳನ್ನೂ ಓದುತ್ತಿರುತ್ತದೆ, ಪೇಜ್ ಫೈಲನ್ನೂ ಓದುತ್ತಿರುತ್ತದೆ. ಒಂದು ಈ ತುದಿ, ಒಂದು ಆ ತುದಿ. ನಡುವೆ ಓಡಾಡುವುದು ಮಾತ್ರ ಒಂದೇ ಹೆಡ್. ಅದು ಸಿಯಲ್ಲೇ ಇರಲಿ. ಲಿನಕ್ಸ್‌ನಲ್ಲಿ ಪೇಜ್ ಫೈಲ್‌ನ ಕೆಲಸ ಮಾಡುವ ಸ್ವಾಪ್‌ಗೂ ಇದೇ ಮಾತು. ಹಳೆಯ ಇನ್‌ಸ್ಟಾಲರ್‌ಗಳು ಸ್ವಾಪ್ ಪಾರ್ಟಿಷನ್ ಅನ್ನು ಡಿಸ್ಕ್‌ನ ಕಟ್ಟಕಡೆಗೆ ಕೂರಿಸುತ್ತಿದ್ದವು, ಅಂದರೆ ಅತಿ ನಿಧಾನದ ಜಾಗಕ್ಕೆ. ಉಬುಂಟು 17.04ರಿಂದ ಸಾಮಾನ್ಯ ಇನ್‌ಸ್ಟಾಲ್‌ನಲ್ಲಿ ಸ್ವಾಪ್ ಫೈಲ್ ಬಂತು, ಆ ತೊಂದರೆ ಬಹುಪಾಲು ಹೋಯಿತು.

ಎರಡು ಬೇರೆ ಬೇರೆ ಡಿಸ್ಕ್ ಇದ್ದರೆ ಆಟವೇ ಬೇರೆ. ಅಲ್ಲಿ ಎರಡು ಹೆಡ್ ಗುಂಪು, ಒಂದಕ್ಕೊಂದು ಕಾಯಬೇಕಿಲ್ಲ. ಸಿಸ್ಟಂ ಒಂದರಲ್ಲಿ, ಪೇಜ್ ಫೈಲ್ ಮತ್ತು ವಿಡಿಯೊ ಎಡಿಟಿಂಗ್‌ನ ತಾತ್ಕಾಲಿಕ ಫೈಲ್‌ಗಳು ಇನ್ನೊಂದರ ಮುಂಭಾಗದಲ್ಲಿ. ದೊಡ್ಡ ಫೈಲನ್ನು ಒಂದೇ ಡಿಸ್ಕ್‌ನ ಸಿಯಿಂದ ಡಿಗೆ ನಕಲು ಮಾಡಿ ನೋಡಿ, ಆಮೇಲೆ ಒಂದು ಡಿಸ್ಕ್‌ನಿಂದ ಇನ್ನೊಂದಕ್ಕೆ ಮಾಡಿ ನೋಡಿ. ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಒಂದು ಎಸ್‌ಎಸ್‌ಡಿ, ಒಂದು ಹಾರ್ಡ್ ಡಿಸ್ಕ್ ಇದ್ದರಂತೂ ಸಿಸ್ಟಂ ಎಸ್‌ಎಸ್‌ಡಿಗೆ ಹೋಗಲಿ, ಹಾರ್ಡ್ ಡಿಸ್ಕ್‌ಗೆ ಒಂದೇ ಪಾರ್ಟಿಷನ್ ಸಾಕು.

ಅಂದಹಾಗೆ, ಸಿಯ ಬ್ಯಾಕಪ್ ಅದೇ ಡಿಸ್ಕ್‌ನ ಡಿಯಲ್ಲಿದ್ದರೆ ಅದು ಬ್ಯಾಕಪ್ ಅಲ್ಲ. ಡಿಸ್ಕ್ ಹೋದರೆ ಎರಡೂ ಹೋದವು.

ಶಿಂಗಲ್ಡ್ ಡಿಸ್ಕ್ ಇದ್ದರೆ ಎಚ್ಚರ

ಡೇಟಾ ಶೀಟ್ ನೋಡಿ ಅಂದಿದ್ದು ಇದಕ್ಕೇ. ಅದರಲ್ಲಿ ಎಸ್‌ಎಂಆರ್ (ಶಿಂಗಲ್ಡ್ ಅನ್ನುವುದರ ಚಿಕ್ಕ ಹೆಸರು) ಅಂತ ಇದ್ದರೆ ಆ ಡಿಸ್ಕ್‌ನಲ್ಲಿ ಟ್ರ್ಯಾಕ್‌ಗಳು ಒಂದರ ಮೇಲೊಂದು ಅರ್ಧ ಹೊದಿಸಿದಂತೆ ಇರುತ್ತವೆ. ನಡುವಿನ ಒಂದು ಟ್ರ್ಯಾಕ್ ತಿದ್ದಬೇಕಾದರೆ ಪಕ್ಕದ ಟ್ರ್ಯಾಕ್‌ಗಳನ್ನೂ ಮತ್ತೆ ಬರೆಯಬೇಕು. ಇದನ್ನು ಮರೆಮಾಚಲು ಡಿಸ್ಕ್ ಹೊಸ ಬರಹವನ್ನು ಮೊದಲು ಬೇರೆ ಜಾಗದಲ್ಲಿ ಇಟ್ಟುಕೊಂಡು, ಪುರುಸೊತ್ತಾದಾಗ ಸರಿಯಾದ ಕಡೆ ಸೇರಿಸುತ್ತದೆ. ಆ ಜಾಗ ತುಂಬಿತೋ, ವೇಗ ದಬಕ್ಕನೆ ಕುಸಿಯುತ್ತದೆ. ಇಂಥ ಡಿಸ್ಕ್‌ನಲ್ಲಿ ಪಾರ್ಟಿಷನ್ ಜಾಗ ಬದಲಿಸಿ ಸಿಗುವ ಲಾಭ ಇದರ ಮುಂದೆ ಏನೂ ಅಲ್ಲ. ಒಮ್ಮೆ ಬರೆದು ಇಡುವ ಕೆಲಸಕ್ಕೆ, ಬ್ಯಾಕಪ್‌ಗೆ ಬಳಸಿ. ಸಿಸ್ಟಂ ಹಾಕಬೇಡಿ.

ಅಲೈನ್‌ಮೆಂಟ್ ಪರೀಕ್ಷೆ

ಪಾರ್ಟಿಷನ್ ಶುರುವಾಗುವ ಜಾಗ ಡಿಸ್ಕ್‌ನ ಸೆಕ್ಟರ್ ಗಡಿಗೆ ಸರಿಯಾಗಿ ಕೂರುವುದೇ ಅಲೈನ್‌ಮೆಂಟ್. ಹಳೆಯ ಡಿಸ್ಕ್‌ಗಳಲ್ಲಿ ಸೆಕ್ಟರ್ ಅಂದರೆ 512 ಬೈಟ್. 2011ರ ಹೊತ್ತಿಗೆ ತಯಾರಕರು 4096 ಬೈಟ್‌ನ ಸೆಕ್ಟರ್‌ಗೆ ಬಂದರು. ಹೆಚ್ಚಿನ ಡಿಸ್ಕ್‌ಗಳು ಹೊರಗೆ ಇನ್ನೂ 512 ಅಂತಲೇ ಹೇಳಿಕೊಳ್ಳುತ್ತವೆ, ಒಳಗೆ ಮಾತ್ರ 4096. ತೊಂದರೆ ಏನೆಂದರೆ ವಿಂಡೋಸ್ ಎಕ್ಸ್‌ಪಿ ಮೊದಲ ಪಾರ್ಟಿಷನ್ ಅನ್ನು 63ನೇ ಸೆಕ್ಟರ್‌ನಿಂದ ಶುರು ಮಾಡುತ್ತಿತ್ತು. 63ನ್ನು 512ರಿಂದ ಗುಣಿಸಿದರೆ 32,256. ಅದನ್ನು 4096ರಿಂದ ಭಾಗಿಸಿದರೆ 7.875. ಪೂರ್ಣ ಸಂಖ್ಯೆ ಅಲ್ಲ. ಅಂದರೆ ಫೈಲ್ ಸಿಸ್ಟಂನ ಪ್ರತಿ 4 ಕೆಬಿ ತುಣುಕೂ ಎರಡು ನಿಜವಾದ ಸೆಕ್ಟರ್‌ಗಳ ಮೇಲೆ ಕಾಲು ಚಾಚಿ ಮಲಗಿರುತ್ತದೆ. ಒಂದು ತುಣುಕು ಬರೆಯಬೇಕಾದರೆ ಡಿಸ್ಕ್ ಎರಡೂ ಸೆಕ್ಟರ್ ಓದಿ, ತಿದ್ದಿ, ಅದೇ ಜಾಗ ಮತ್ತೆ ಕೆಳಗೆ ಬರುವ ತನಕ ಒಂದು ಸುತ್ತು ಕಾದು, ವಾಪಸ್ ಬರೆಯಬೇಕು. ಅದೇ 8.33 ಮಿಲಿಸೆಕೆಂಡ್ ದಂಡ.

ವಿಸ್ಟಾದಿಂದ ಈಚೆಗೆ ಪಾರ್ಟಿಷನ್ 1,048,576ನೇ ಬೈಟ್‌ನಿಂದ ಶುರುವಾಗುತ್ತದೆ. 4096ರಿಂದ ಭಾಗಿಸಿದರೆ ಸರಿಯಾಗಿ 256. ಹಾಗಾಗಿ ಇತ್ತೀಚೆಗೆ ಹೊಸದಾಗಿ ಇನ್‌ಸ್ಟಾಲ್ ಮಾಡಿದವರಿಗೆ ಚಿಂತೆ ಇಲ್ಲ. ಹಳೆಯ ಡಿಸ್ಕನ್ನು ಇದ್ದ ಹಾಗೇ ಹೊಸದಕ್ಕೆ ಕ್ಲೋನ್ ಮಾಡಿಕೊಂಡವರು ನೋಡಲೇಬೇಕು, ಯಾಕೆಂದರೆ ಕ್ಲೋನ್ ಜೊತೆ ಈ ದೋಷವೂ ನಕಲಾಗಿ ಬಂದಿರಬಹುದು.

ವಿಂಡೋಸ್‌ನಲ್ಲಿ ಸ್ಟಾರ್ಟ್ ಒತ್ತಿ ಸಿಸ್ಟಂ ಇನ್ಫರ್ಮೇಶನ್ ಅಂತ ಹುಡುಕಿ. ಕಾಂಪೊನೆಂಟ್ಸ್, ಸ್ಟೋರೇಜ್, ಡಿಸ್ಕ್ಸ್ ಹೀಗೆ ಒಳಗೆ ಹೋದರೆ ಪ್ರತಿ ಪಾರ್ಟಿಷನ್‌ಗೂ ಸ್ಟಾರ್ಟಿಂಗ್ ಆಫ್‌ಸೆಟ್ ಎಂಬ ಸಂಖ್ಯೆ ಸಿಗುತ್ತದೆ. ಕ್ಯಾಲ್ಕುಲೇಟರ್ ತೆಗೆದು 4096ರಿಂದ ಭಾಗಿಸಿ. ಪೂರ್ಣ ಸಂಖ್ಯೆ ಬಂದರೆ ಸರಿ. ದಶಮಾಂಶ ಬಂದರೆ ನಿಮ್ಮ ನಿಧಾನದ ದೊಡ್ಡ ಕಾರಣ ಇಲ್ಲೇ ಸಿಕ್ಕಿರಬಹುದು. ಎಸ್‌ಎಸ್‌ಡಿಗೂ ಇದೇ ಪರೀಕ್ಷೆ.

ಈಗ ಕೆಲಸಕ್ಕೆ ಇಳಿಯಿರಿ

ಮೊದಲು ಬೇರೆ ಡಿಸ್ಕ್‌ಗೆ ಬ್ಯಾಕಪ್. ಅದರಿಂದ ಒಂದೆರಡು ಫೈಲ್ ತೆರೆದು ನೋಡಿ, ನಿಜಕ್ಕೂ ಬಂದಿವೆಯಾ ಅಂತ. ಬಿಟ್‌ಲಾಕರ್ (ಡಿಸ್ಕ್‌ಗೆ ವಿಂಡೋಸ್ ಹಾಕುವ ಬೀಗ) ಇದ್ದರೆ ರಿಕವರಿ ಕೀ ಬೇರೆ ಕಡೆ ಬರೆದಿಟ್ಟುಕೊಂಡು, ಅದನ್ನು ತಾತ್ಕಾಲಿಕವಾಗಿ ನಿಲ್ಲಿಸಿ. ಲ್ಯಾಪ್‌ಟಾಪ್ ಆದರೆ ಚಾರ್ಜರ್ ಚುಚ್ಚಿರಲಿ.

ಇಡೀ ಡಿಸ್ಕ್ ಒಂದೇ ಸಿ ಆಗಿದ್ದರೆ ಕೆಲಸ ಸುಲಭ. ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ಸಿ ಮೇಲೆ ರೈಟ್ ಕ್ಲಿಕ್ ಮಾಡಿ ಶ್ರಿಂಕ್ ವಾಲ್ಯೂಮ್ ಆರಿಸಿ. ಎಷ್ಟು ಎಂಬಿ ಕಡಿಮೆ ಮಾಡಬೇಕು ಅಂತ ಕೇಳುತ್ತದೆ, ಎಷ್ಟು ಉಳಿಯಬೇಕು ಅಂತ ಅಲ್ಲ. ಇಲ್ಲಿ ಬಹಳ ಜನ ಎಡವುತ್ತಾರೆ. ಶ್ರಿಂಕ್ ಯಾವಾಗಲೂ ಬಲತುದಿಯಿಂದಲೇ ಕತ್ತರಿಸುತ್ತದೆ. ಹಾಗಾಗಿ ಸಿ ವೇಗದ ಜಾಗದಲ್ಲೇ ಉಳಿಯುತ್ತದೆ, ನಮಗೆ ಬೇಕಾದದ್ದೂ ಅದೇ. ಖಾಲಿಯಾದ ಜಾಗದ ಮೇಲೆ ರೈಟ್ ಕ್ಲಿಕ್ ಮಾಡಿ ನ್ಯೂ ಸಿಂಪಲ್ ವಾಲ್ಯೂಮ್ ಕೊಡಿ. ಅಲೊಕೇಶನ್ ಯೂನಿಟ್ ಸೈಜ್ ಡೀಫಾಲ್ಟ್‌ನಲ್ಲೇ ಬಿಡಿ.

ಅರ್ಧಕ್ಕರ್ಧ ಖಾಲಿ ಇದ್ದರೂ ಕೆಲವೇ ಜಿಬಿ ಕತ್ತರಿಸಬಹುದು ಅಂತ ಹಠ ಮಾಡುವುದುಂಟು. ಸರಿಸಲಾಗದ ಫೈಲ್‌ಗಳು ದಾರಿಯಲ್ಲಿ ಕೂತಿವೆ ಅಂತ ಅರ್ಥ. ಪೇಜ್ ಫೈಲ್, ಹೈಬರ್ನೇಶನ್ ಫೈಲ್, ರಿಸ್ಟೋರ್ ಪಾಯಿಂಟ್‌ಗಳು ಸಾಮಾನ್ಯ ಆರೋಪಿಗಳು. ಅವನ್ನು ತಾತ್ಕಾಲಿಕವಾಗಿ ಆಫ್ ಮಾಡಿ, ರೀಸ್ಟಾರ್ಟ್ ಮಾಡಿ, ಮತ್ತೆ ಪ್ರಯತ್ನಿಸಿ. ಕೆಲಸ ಮುಗಿದ ಮೇಲೆ ಆನ್ ಮಾಡುವುದನ್ನು ಮರೆಯಬೇಡಿ.

ಸಿಸ್ಟಂ ಈಗಾಗಲೇ ಡಿಸ್ಕ್‌ನ ಹಿಂಭಾಗದಲ್ಲಿದ್ದರೆ ಅಥವಾ ಅಲೈನ್‌ಮೆಂಟ್ ತಪ್ಪಿದ್ದರೆ ಪಾರ್ಟಿಷನ್‌ನ ಎಡ ಅಂಚನ್ನೇ ಸರಿಸಬೇಕು. ಡಿಸ್ಕ್ ಮ್ಯಾನೇಜ್‌ಮೆಂಟ್‌ಗೆ ಅದು ಬರುವುದಿಲ್ಲ. ಪೆನ್ ಡ್ರೈವ್‌ನಿಂದ ಬೂಟ್ ಆಗುವ ಜಿಪಾರ್ಟೆಡ್ ಮಾಡುತ್ತದೆ. ಅದರಲ್ಲಿ ಅಲೈನ್ ಟು ಅನ್ನುವ ಕಡೆ ಎಂಐಬಿ ಇರುವಂತೆ ನೋಡಿಕೊಳ್ಳಿ. ಎಡ ಅಂಚು ಸರಿಸುವುದು ಅಂದರೆ ಒಳಗಿನ ಡೇಟಾವನ್ನೆಲ್ಲ ಎತ್ತಿ ಬೇರೆ ಕಡೆ ಇಡುವುದು. ಗಂಟೆಗಟ್ಟಲೆ ಹಿಡಿಯುತ್ತದೆ, ನಡುವೆ ಕರೆಂಟ್ ಹೋದರೆ ಡೇಟಾ ಉಳಿಯುವ ಭರವಸೆ ಇಲ್ಲ. ನನ್ನನ್ನು ಕೇಳಿದರೆ ಸರಿಸುವ ಗೋಜಿಗೆ ಹೋಗಬೇಡಿ. ಬ್ಯಾಕಪ್ ಹೇಗೂ ಇದೆ, ಪಾರ್ಟಿಷನ್‌ಗಳನ್ನು ಅಳಿಸಿ ಹೊಸದಾಗಿ ಇನ್‌ಸ್ಟಾಲ್ ಮಾಡಿ. ಹಲವು ಸಲ ಅದೇ ಬೇಗ ಮುಗಿಯುತ್ತದೆ, ಫೈಲ್‌ಗಳೂ ಅಕ್ಕಪಕ್ಕ ಒತ್ತಾಗಿ ಕೂರುತ್ತವೆ. 2 ಟಿಬಿಗಿಂತ ದೊಡ್ಡ ಡಿಸ್ಕ್ ಆದರೆ ಪಾರ್ಟಿಷನ್ ಪಟ್ಟಿಯ ಬಗೆ ಕೇಳಿದಾಗ ಜಿಪಿಟಿ ಆರಿಸಿ. 512 ಬೈಟ್ ಲೆಕ್ಕದ ಹಳೆಯ ಬಗೆಯಾದ ಎಂಬಿಆರ್‌ಗೆ ಅದರಾಚೆಯ ಜಾಗ ಕಾಣುವುದಿಲ್ಲ.

ಆದ ಮೇಲೆ

ವಿಂಡೋಸ್‌ನ ಡಿಫ್ರಾಗ್‌ಮೆಂಟ್ ಅಂಡ್ ಆಪ್ಟಿಮೈಸ್ ಡ್ರೈವ್ಸ್ ಒಮ್ಮೆ ಓಡಿಸಿ. ಅದು ವಾರಕ್ಕೊಮ್ಮೆ ತಾನೇ ಓಡುವಂತೆ ಹೊಂದಿಸಿರುತ್ತದೆ, ಯಾರಾದರೂ ಆಫ್ ಮಾಡಿದ್ದಾರಾ ನೋಡಿ. ಆಮೇಲೆ ಮತ್ತೆ ಅಳೆಯಿರಿ. ಇಲ್ಲಿ ಒಂದು ವಿಷಯ ಗಮನಿಸಿ. ಇಡೀ ಡಿಸ್ಕ್‌ನ ಗ್ರಾಫ್ ಬದಲಾಗುವುದಿಲ್ಲ, ಬದಲಾಗಲೂಬಾರದು. ತಟ್ಟೆ ಅದೇ, ವೇಗವೂ ಅದೇ. ಬದಲಾಗಬೇಕಾದದ್ದು ಬೂಟ್ ಆಗುವ ಸಮಯ ಮತ್ತು ನೀವು ದಿನಾ ಬಳಸುವ ದೊಡ್ಡ ಪ್ರೋಗ್ರಾಂ ತೆರೆಯುವ ಸಮಯ. ಅವನ್ನು ಮೊದಲೇ ಗಡಿಯಾರ ಹಿಡಿದು ಬರೆದಿಟ್ಟುಕೊಂಡಿದ್ದರೆ ಈಗ ಹೋಲಿಸಬಹುದು. ಪ್ರತಿ ಸಲ ಕಂಪ್ಯೂಟರ್ ಪೂರ್ತಿ ರೀಸ್ಟಾರ್ಟ್ ಮಾಡಿ ಅಳೆಯಿರಿ. ಇಲ್ಲದಿದ್ದರೆ ಹಿಂದಿನ ಸಲ ಓದಿದ್ದು ಮೆಮೊರಿಯಲ್ಲೇ ಉಳಿದಿದ್ದು, ಎರಡನೇ ಸಲ ಸುಮ್ನೆ ಬೇಗ ತೆರೆದಂತೆ ಕಾಣುತ್ತದೆ.

ಏನೂ ವ್ಯತ್ಯಾಸ ಕಾಣದಿದ್ದರೆ ಟಾಸ್ಕ್ ಮ್ಯಾನೇಜರ್‌ನಲ್ಲಿ ಮೆಮೊರಿ ನೋಡಿ. ಅದು ಸದಾ ತುಂಬಿರುವಂತೆ ಕಂಡು, ಡಿಸ್ಕ್ 100% ತೋರಿಸುತ್ತಿದ್ದರೆ ಪೇಜ್ ಫೈಲ್‌ನ ಓಡಾಟವೇ ಡಿಸ್ಕನ್ನು ತಿನ್ನುತ್ತಿದೆ. ಆಗ ಪಾರ್ಟಿಷನ್ ಬಿಟ್ಟು ರ‍್ಯಾಮ್ ಹೆಚ್ಚಿಸಿ, ಇಲ್ಲವೇ ಸಿಸ್ಟಂ ಅನ್ನು ಒಂದು ಚಿಕ್ಕ ಎಸ್‌ಎಸ್‌ಡಿಗೆ ಸಾಗಿಸಿ ಈ ಡಿಸ್ಕನ್ನು ಫೈಲ್‌ಗಳಿಗೆ ಬಿಟ್ಟುಕೊಡಿ.